ಬೆಳಕಿನ ವೇಗ ಎಂಬ ಸೋಮಾರಿ ಮಾತು

‘ಬೆಳಕಿನ ವೇಗದಲ್ಲಿ ಯೋಚಿಸುವ ಯಂತ್ರ!’ ಲೇಸರ್‌ಗಳಿಂದ ಕಟ್ಟುವ ನ್ಯೂರಲ್ ನೆಟ್‌ವರ್ಕ್ ಬಗ್ಗೆ ಬರೆಯುವವರಿಗೆ ಈ ತಲೆಬರಹ ಸಿಕ್ಕಿಬಿಟ್ಟರೆ ಸಾಕು, ಉಳಿದದ್ದು ತಾನೇ ಹರಿಯುತ್ತದೆ. ನನ್ನ ತಕರಾರು ಈ ತಲೆಬರಹದ ಮೇಲೆಯೇ. ಬರೀ ಉತ್ಪ್ರೇಕ್ಷೆಯಾಗಿದ್ದರೆ ಸಾಹಿತ್ಯದ ಸಹವಾಸದ ನಾವು ಸಹಿಸಿಕೊಳ್ಳುತ್ತಿದ್ದೆವು. ಇದು ತಪ್ಪು ಕಡೆಗೆ ಬೆರಳು ತೋರಿಸುತ್ತದೆ.

ತಂತಿಯಲ್ಲಿ ವಿದ್ಯುತ್ ಸಂಕೇತವೇನೂ ಎತ್ತಿನಗಾಡಿ ಏರಿ ಹೋಗುವುದಿಲ್ಲ. ಒಳ್ಳೆಯ ಕೇಬಲಿನಲ್ಲಿ ಅದರ ಓಟ ಬೆಳಕಿನ ವೇಗದ ಅರ್ಧವನ್ನು ಮೀರುತ್ತದೆ. ಅತ್ತ ಸಿಲಿಕಾನ್ ಚಿಪ್‌ನ ಸಣ್ಣ ಹಾದಿಗೆ ನುಗ್ಗಿದ ಬೆಳಕು, ನಿರ್ವಾತದಲ್ಲಿ ತನಗಿದ್ದ ವೇಗದ ಮೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ವೇಗದ ಜಂಬ ಅಲ್ಲಿಗೇ ಅರ್ಧ ಕರಗಿತು.

ಹಾಗಾದರೆ ಬೆಳಕೇ ಏಕೆ? ನ್ಯೂರಲ್ ನೆಟ್‌ವರ್ಕ್‌ನ ದುಡಿಮೆಯ ಬಹುಪಾಲು ಗುಣಿಸುವುದು, ಕೂಡುವುದು, ಮತ್ತೆ ಗುಣಿಸುವುದು. ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ಸಂಖ್ಯೆಗಳನ್ನು ಮೆಮೊರಿಯಿಂದ ಹೊತ್ತು ತರುವ ಕೂಲಿಯೇ ಎಷ್ಟೋ ಸಲ ಲೆಕ್ಕದ ಖರ್ಚಿಗಿಂತ ದುಬಾರಿ. ಬೆಳಕಿನಲ್ಲಿ ಬೇರೆ ಉಪಾಯವಿದೆ. ಕಿರಣವನ್ನು ಎರಡಾಗಿ ಸೀಳಿ, ಒಂದರ ಅಲೆಯನ್ನು ತುಸು ಹಿಂದುಮುಂದು ಮಾಡಿ, ಮತ್ತೆ ಸೇರಿಸಿ: ಆ ಸೇರುವಿಕೆಯೇ ಲೆಕ್ಕ. ಈ ಜೋಡಣೆಗೆ ಮ್ಯಾಕ್-ಝೆಂಡರ್ ಇಂಟರ್‌ಫೆರೋಮೀಟರ್ ಎಂದು ಹೆಸರು. ಇವುಗಳ ಬಲೆ ಹೆಣೆದರೆ, ಬೆಳಕು ಹಾದುಹೋಗುವಷ್ಟರಲ್ಲಿ ಒಂದಿಡೀ ಮ್ಯಾಟ್ರಿಕ್ಸ್ ಗುಣಾಕಾರ ಮುಗಿದಿರುತ್ತದೆ. ಬೇರೆ ಬೇರೆ ಬಣ್ಣದ ಕಿರಣಗಳನ್ನು ಅದೇ ಹಾದಿಯಲ್ಲಿ ಒಟ್ಟಿಗೆ ಕಳಿಸಿದರೂ ಅವು ಜಗಳವಾಡುವುದಿಲ್ಲ.

ತೊಂದರೆಯಿರುವುದು ಆ ಜಗಳವಾಡದ ಸ್ವಭಾವದಲ್ಲೇ! ಬರೀ ಗುಣಾಕಾರಗಳನ್ನು ಎಷ್ಟು ಪದರ ಪೇರಿಸಿದರೂ ಕೊನೆಗೆ ಅದು ಒಂದೇ ಗುಣಾಕಾರಕ್ಕೆ ಸಮ. ಪದರಗಳ ನಡುವೆ ಹೊಸ್ತಿಲು ಬೇಕು: ಇಷ್ಟಿದ್ದರೆ ದಾಟು, ಇಲ್ಲದಿದ್ದರೆ ನಿಲ್ಲು. ಅದಿಲ್ಲದೆ ಜಾಲ ಏನನ್ನೂ ಆಳವಾಗಿ ಕಲಿಯಲಾರದು. ಎರಡು ಟಾರ್ಚುಗಳ ಬೆಳಕನ್ನು ಅಡ್ಡಡ್ಡ ಹಾಯಿಸಿ ನೋಡಿ. ಅಲೆಗಳು ಕೂಡಬಹುದು, ಆದರೆ ಒಂದು ಕಿರಣ ಇನ್ನೊಂದಕ್ಕೆ ಬಾಗಿಲು ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ.

ಈ ಹೊಸ್ತಿಲಿನ ಕಥೆ ಹಳೆಯದು. 1985ರಲ್ಲಿ ನಬೀಲ್ ಫರಾತ್, ಡಿಮಿಟ್ರಿ ಸಾಲ್ಟಿಸ್ ಮತ್ತು ಸಂಗಡಿಗರು 32 ನ್ಯೂರಾನ್‌ಗಳ ಜಾಲವನ್ನು ಎಲ್‌ಇಡಿ ಸಾಲುಗಳಿಂದ ಕಟ್ಟಿ ತೋರಿಸಿದರು. ಗುಣಾಕಾರ ಬೆಳಕಿನದು, ಹೊಸ್ತಿಲು ಎಲೆಕ್ಟ್ರಾನಿಕ್ಸಿನದು. 2017ರಲ್ಲಿ ಅಮೆರಿಕದ ಎಂಐಟಿ ತಂಡ 56 ಇಂಟರ್‌ಫೆರೋಮೀಟರ್‌ಗಳ ಚಿಪ್‌ನಿಂದ ನಾಲ್ಕು ಸ್ವರಗಳನ್ನು ಗುರುತಿಸಿತು (ಅಕ್ಷರಾಭ್ಯಾಸ ಸ್ವರದಿಂದಲೇ ಶುರುವಾದದ್ದು ನನಗಂತೂ ಖುಷಿ ಕೊಟ್ಟಿತು). ಅದು ಸರಿಯಾಗಿ ಹೇಳಿದ್ದು ಶೇ. 76.7ರಷ್ಟು. ಮಾಮೂಲಿ ಕಂಪ್ಯೂಟರ್‌ನ ಅಂಕ 91.7. ಹೊಸ್ತಿಲಿನ ಕೆಲಸ ಆಗಲೂ ಹೊರಗಿನ ಕಂಪ್ಯೂಟರ್‌ನದೇ. 2024ರಲ್ಲಿ ಅದೇ ಸಂಸ್ಥೆಯಿಂದ ಬಂದ ಚಿಪ್ ಹೊಸ್ತಿಲನ್ನು ಒಳಗೇ ತಂದುಕೊಂಡಿತು. ಅರ್ಧ ನ್ಯಾನೋಸೆಕೆಂಡಿನೊಳಗೆ ಉತ್ತರ, ಶೇ. 92ರಷ್ಟು ಸರಿ. ಇದು ನಿಜವಾಗಿಯೂ ಚಪ್ಪಾಳೆಗೆ ಯೋಗ್ಯ. ಆದರೆ ಆ ಹೊಸ್ತಿಲು ಹೇಗಿದೆ ಗೊತ್ತೇ? ಬೆಳಕಿನ ಸ್ವಲ್ಪ ಪಾಲನ್ನು ಫೋಟೋಡಯೋಡ್‌ಗೆ ತಿರುಗಿಸಿ, ಹುಟ್ಟಿದ ವಿದ್ಯುತ್ತಿನಿಂದ ಉಳಿದ ಬೆಳಕನ್ನು ತಿದ್ದುತ್ತಾರೆ. ಸುಮಾರು 40 ವರ್ಷಗಳ ನಂತರವೂ ಬಾಗಿಲು ಕಾಯುತ್ತಿರುವುದು ಎಲೆಕ್ಟ್ರಾನೇ.

ತಲೆಬರಹ ಮುಚ್ಚಿಡುವುದು ಇದನ್ನು. ಕನ್ನಡದಲ್ಲಂತೂ ಬೆಳಕೆಂದರೆ ಅರಿವು; ಬೆಳಕು ಎಂದೊಡನೆ ಅರ್ಧ ಕೈ ಮುಗಿದಿರುತ್ತೇವೆ. ಭಾಷೆಯ ಈ ಭಕ್ತಿಯನ್ನು ಪ್ರಚಾರದವರು ಪುಕ್ಕಟೆಯಾಗಿ ಬಳಸಿಕೊಳ್ಳುತ್ತಾರೆ, ನಾವು ಬಿಟ್ಟುಕೊಡುತ್ತೇವೆ. ಭೌತಶಾಸ್ತ್ರ ಓದಲೋ ಬೇಡವೋ ಎಂದು ತೂಗಿ ನೋಡುತ್ತಿರುವ ಹುಡುಗಿಯೊಬ್ಬಳು ಇಂಥ ಬರಹ ಓದಿದರೆ, ಯಂತ್ರ ಆಗಲೇ ಬಂದಾಯಿತು, ತನಗಿನ್ನೇನು ಕೆಲಸ ಎಂದುಕೊಂಡಾಳು. ಬೆಳಕು ಬೆಳಕನ್ನು ಅಗ್ಗವಾಗಿ ತಡೆಯುವಂತೆ ಮಾಡುವ ವಸ್ತು ಯಾವುದು ಎಂಬ ಪ್ರಶ್ನೆ ಅವಳ ಕೈಗೆ ಸಿಗುವುದೇ ಇಲ್ಲ.

‘ವಿದ್ಯುತ್ ಉಳಿತಾಯ’ದ ಅಂಕಿಗಳನ್ನೂ ನಾನು ಸುಮ್ಮನೆ ನಂಬುವುದಿಲ್ಲ. ಲೇಸರ್ ಉರಿಸಲು ಎಷ್ಟು ಬೇಕಾಯಿತು? ಅಲೆಯನ್ನು ಹಿಂದುಮುಂದು ಮಾಡುವ ಪುಟ್ಟ ಹೀಟರುಗಳಿಗೆ ಎಷ್ಟು? ಸಂಖ್ಯೆಯನ್ನು ಬೆಳಕಾಗಿಸಲು, ಬೆಳಕನ್ನು ಮತ್ತೆ ಸಂಖ್ಯೆಯಾಗಿಸಲು ಎಷ್ಟು? ಈ ಬಿಲ್ಲನ್ನು ಪೂರ್ತಿ ಮುಂದಿಟ್ಟ ಮೇಲೆ ತಲೆಬರಹ ಬರೆಯಿರಿ. ಅಲ್ಲಿಯವರೆಗೆ ‘ಬೆಳಕಿನ ವೇಗ’ ದೀಪಾವಳಿ ಜಾಹೀರಾತಿಗೆ ಇರಲಿ.