ಔಷಧದಾನವೆಂದರೆ ಒಂದು ದಿನದ ಶಿಬಿರವಲ್ಲ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಶ್ರಾವಕನ ಕರ್ತವ್ಯವೆಂದು ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ಕೇಳಿ ತಲೆದೂಗುವವರು ನಾವು. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಾವು ಎರಡನೆಯ ದಾನವನ್ನು ಎಲ್ಲಿಗೆ ತಂದು ನಿಲ್ಲಿಸಿದ್ದೇವೆ? ವರ್ಷಕ್ಕೊಮ್ಮೆ ರಕ್ತದೊತ್ತಡದ ತಪಾಸಣೆ, ಒಂದು ಬ್ಯಾನರು, ಅತಿಥಿಗಳಿಗೆ ಶಾಲು. ಅಲ್ಲಿಗೆ ಔಷಧದಾನ ಸಂಪನ್ನ!

ಈ ಪ್ರದೇಶದ ವೈದ್ಯಕೀಯಕ್ಕೆ ಎರಡು ಮುಖಗಳಿವೆ. ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ಸಂಸ್ಥೆಯಲ್ಲಿ 2021ರ ಜೂನ್ 4ರಂದು ರೋಗಿಯ ರಕ್ತಕಣಗಳನ್ನೇ ಮಾರ್ಪಡಿಸಿ ಕ್ಯಾನ್ಸರಿನ ವಿರುದ್ಧ ಹೂಡುವ ಕಾರ್‌-ಟಿ ಚಿಕಿತ್ಸೆ ಆರಂಭವಾಯಿತು. ಬಾಂಬೆ ಐಐಟಿಯೊಡನೆ ರೂಪುಗೊಂಡ ಈ ಸ್ವದೇಶಿ ಚಿಕಿತ್ಸೆಯನ್ನು 2024ರ ಏಪ್ರಿಲ್‌ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಲೋಕಾರ್ಪಣೆ ಮಾಡಿದರು. ಅಮೆರಿಕದಲ್ಲಿ ಕೋಟಿಗಳಲ್ಲಿ ನುಡಿಯುವ ಬೆಲೆ ಇಲ್ಲಿ ಲಕ್ಷಗಳಿಗೆ ಇಳಿಯಿತು. ಹೆಮ್ಮೆಪಡಬೇಕಾದದ್ದೇ.

ಅಲ್ಲಿಂದ ಹೆಚ್ಚು ದೂರವಿಲ್ಲದ ಕಳವಾದಲ್ಲಿ, ಥಾಣೆ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯಲ್ಲಿ, 2023ರ ಆಗಸ್ಟ್ 12-13ರಂದು 24 ಗಂಟೆಗಳೊಳಗೆ 18 ರೋಗಿಗಳು ಸತ್ತರು. ಅದು ಅಂದಿನ ಮುಖ್ಯಮಂತ್ರಿಗಳ ಸ್ವಂತ ನಗರ. ಹಲವರು ಕೊನೆಯ ಗಳಿಗೆಯಲ್ಲಿ ಬಂದರೆಂಬ ವಿವರಣೆ ಅಧಿಕಾರಿಗಳಿಂದ ಬಂತು; ತನಿಖಾ ಸಮಿತಿಯೂ ನೇಮಕವಾಯಿತು. ಕೊನೆಯ ಗಳಿಗೆಯಲ್ಲಿ ಬಂದರೆಂಬುದು ಸಮಾಧಾನವಲ್ಲ, ಆರೋಪಪಟ್ಟಿ. ಬಡವನು ತಡವಾಗಿ ಬರುವುದೇಕೆ? ಹತ್ತಿರದಲ್ಲಿ ತೀವ್ರ ನಿಗಾ ಘಟಕವಿಲ್ಲ, ಇದ್ದಲ್ಲಿ ಕಟ್ಟಲು ಹಣವಿಲ್ಲ. 500 ಹಾಸಿಗೆಗಳ ಒಂದು ಆಸ್ಪತ್ರೆಯ ಮೇಲೆ ಊರೂರಿನ ಭಾರವನ್ನು ಹೇರಿದವರಾರು?

ಇದು ಸರ್ಕಾರದ ಪಾಪ, ನಮಗೇನು ಸಂಬಂಧ ಎನ್ನುವವರಿದ್ದಾರೆ. ಸಂಬಂಧವಿದೆ. ಮಹಾರಾಷ್ಟ್ರದ ಸಾರ್ವಜನಿಕ ನ್ಯಾಸ ಕಾಯಿದೆಯ ಅಡಿಯಲ್ಲಿ, ಬಾಂಬೆ ಹೈಕೋರ್ಟ್ 2006ರಲ್ಲಿ ಅನುಮೋದಿಸಿದ ಯೋಜನೆಯಂತೆ, ಧರ್ಮಾರ್ಥ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಮತ್ತೆ ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ಒಟ್ಟು ಬಿಲ್ಲಿನ ಶೇ. 2ನ್ನು ಬಡರೋಗಿಗಳ ನಿಧಿಗೆ ತೆಗೆದಿಡಬೇಕು. ಆಸ್ಪತ್ರೆಗಳಿಗೆ ದೇಣಿಗೆ ಕೊಡುವ, ಅವುಗಳ ವಿಶ್ವಸ್ತರಾಗಿ ಕೂರುವ ಜೈನರು ಕಡಿಮೆಯಿಲ್ಲ. ಇಂದು ಎಷ್ಟು ಉಚಿತ ಹಾಸಿಗೆಗಳು ಖಾಲಿ ಇವೆ ಎಂದು ಅವರಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಶಿಲಾಫಲಕದಲ್ಲಿ ಹೆಸರು ಸರಿಯಾಗಿ ಕೆತ್ತಿದೆಯೇ ಎಂದು ನೋಡುವ ಕಣ್ಣು ಈ ಲೆಕ್ಕವನ್ನೂ ನೋಡಬೇಡವೇ?

ಪಂಚಕಲ್ಯಾಣ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಕಲಶದ ಸವಾಲಿನಲ್ಲಿ ಒಬ್ಬರನ್ನೊಬ್ಬರು ಮೀರಿಸುವ ಉತ್ಸಾಹ ದಾನವೋ, ಮಾನಕಷಾಯವೋ ಎಂದು ಪ್ರತಿಯೊಬ್ಬ ಶ್ರಾವಕನೂ ತನ್ನ ಅಂತರಂಗವನ್ನೇ ಕೇಳಿಕೊಳ್ಳಲಿ. ಯಂತ್ರ ಕೊಡುವುದು ಸುಲಭ, ಫೋಟೋ ಬರುತ್ತದೆ. ಯಂತ್ರ ನಡೆಸುವ ತಂತ್ರಜ್ಞನ, ರಾತ್ರಿ ಪಾಳಿಯ ದಾದಿಯ ಸಂಬಳಕ್ಕೆ ಕೊಡುವವರು ಅಪರೂಪ. ಚತುರ್ದಾನಕ್ಕೆ ಹೆಸರಾದ ಧರ್ಮಸ್ಥಳದ ಪರಂಪರೆಯಲ್ಲಿ ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜು 2003ರಲ್ಲಿ ಆರಂಭವಾಯಿತು. ಔಷಧದಾನ ಸಂಸ್ಥೆಯಾಗಿ ನಿಲ್ಲಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲೇ ಇರುವ ನಿದರ್ಶನವಿದು.

ಆದ್ದರಿಂದ ಮೂರು ಕೆಲಸಗಳಾಗಲಿ. ಪ್ರತಿ ಸವಾಲಿನ ಮೊತ್ತದ ಹತ್ತನೆಯ ಒಂದು ಪಾಲು ಆಸ್ಪತ್ರೆ ಸಿಬ್ಬಂದಿಯ ವೇತನನಿಧಿಗೆ ಹೋಗಲಿ. ನಮ್ಮವರು ವಿಶ್ವಸ್ತರಾಗಿರುವ ಆಸ್ಪತ್ರೆಗಳ ಬಾಗಿಲಲ್ಲಿ ಉಚಿತ ಹಾಸಿಗೆಗಳ ಸಂಖ್ಯೆ ದಿನವೂ ಪ್ರಕಟವಾಗಲಿ. ಮತ ಕೇಳಲು ಬಸದಿಯ ಬಾಗಿಲಿಗೆ ಬರುವ ನಗರಸೇವಕರಿಗೆ ಹಾರ ಹಾಕುವ ಮುನ್ನ, ಪಾಲಿಕೆಯ ಆಸ್ಪತ್ರೆಯಲ್ಲಿ ಎಷ್ಟು ವೈದ್ಯರ ಹುದ್ದೆಗಳು ಖಾಲಿ ಎಂದು ಕೇಳೋಣ.

ಇರುವೆಯ ಪ್ರಾಣಕ್ಕೆ ನೆಲ ನೋಡಿ ನಡೆಯುವ ಸಮಾಜ ನಮ್ಮದು. ಆಸ್ಪತ್ರೆಯ ನೆಲದ ಮೇಲೆ ಚಾಪೆ ಹಾಸಿ ಮಲಗಿದವನೂ ಜೀವವೇ.