ಕೌನ್ಸಿಲರ್ ಪೋಸ್ಟ್ ಯಾರ ಮಾತು?

ವಾರ್ಡಿನ ಸದಸ್ಯರು ಹೊತ್ತು ಕಳೆಯಲು ಫೇಸ್‌ಬುಕ್ಕಿನಲ್ಲಿ ಬರೆದದ್ದು ಅವರ ಸ್ವಂತ ಮಾತೋ, ಹುದ್ದೆಯ ಮಾತೋ? ಇಂಗ್ಲೆಂಡಿನಲ್ಲಿ ಈ ಜಗಳ ಸ್ಮಾರ್ಟ್‌ಫೋನು ಹೀಗೆ ಎಲ್ಲರ ಕೈಗೆ ಬರುವ ಮೊದಲೇ ಶುರುವಾಗಿತ್ತು. 2005ರಲ್ಲಿ ಲಂಡನ್ ಮೇಯರ್ ಕೆನ್ ಲಿವಿಂಗ್‌ಸ್ಟನ್ ಕೂಟವೊಂದನ್ನು ಮುಗಿಸಿ ಹೊರಟಾಗ, ಪ್ರಶ್ನೆ ಕೇಳಿದ ಯಹೂದಿ ಪತ್ರಕರ್ತನನ್ನು ನಾಜಿ ಶಿಬಿರದ ಕಾವಲುಗಾರನಿಗೆ ಹೋಲಿಸಿದರು. ಶಿಸ್ತು ಮಂಡಳಿ ನಾಲ್ಕು ವಾರ ಅಮಾನತು ಮಾಡಿತು. 2006ರಲ್ಲಿ ಹೈಕೋರ್ಟು ಅದನ್ನು ರದ್ದುಮಾಡಿತು: ಆ ಹೊತ್ತಿನಲ್ಲಿ ಅವರು ಮೇಯರ್ ಕೆಲಸದಲ್ಲಿರಲಿಲ್ಲ. 2011ರ ಲೋಕಲಿಸಂ ಕಾಯ್ದೆಯೂ ನಡತೆಯ ಸಂಹಿತೆಯನ್ನು ಹುದ್ದೆಯ ಕೆಲಸಕ್ಕೇ ಕಟ್ಟಿಹಾಕಿತು.

ಈಗ ಈ ಗೆರೆ ನಿಲ್ಲುವುದಿಲ್ಲ. ಬೆಳಿಗ್ಗೆ ಬೀದಿದೀಪ ಹಾಕಿಸಿದ ಫೋಟೊ, ರಾತ್ರಿ ಅದೇ ಖಾತೆಯಿಂದ ಬೈಗುಳ. ಓದುವವರು ಅಲ್ಲಿ ಸೇರಿರುವುದೇ ಅವರು ಸದಸ್ಯರೆಂದು. ಅದಕ್ಕೇ ಸಾರ್ವಜನಿಕ ಜೀವನದ ನಡತೆ ಕುರಿತ ಅಲ್ಲಿನ ಸಮಿತಿ, ಎಲ್ಲರಿಗೂ ಕಾಣುವ ಪೋಸ್ಟನ್ನು, ಬೇರೆಯೆಂದು ತೋರಿಸದ ಹೊರತು, ಹುದ್ದೆಯ ಮಾತೆಂದೇ ಎಣಿಸಬೇಕೆಂದು 2019ರಲ್ಲಿ ಶಿಫಾರಸು ಮಾಡಿತು.

ಇದು ಇನ್ನೊಂದು ಅತಿ. ಸರ್ಕಾರವನ್ನು ಖಾರವಾಗಿ ಟೀಕಿಸುವುದು ರಾಜಕೀಯ. ಅದು ಯಾರಿಗಾದರೂ ಕಹಿಯಾದರೆ ತೀರ್ಪು ಕೊಡಬೇಕಾದವರು ಮತದಾರರು. ಕೇಳಬೇಕಾದ ಪ್ರಶ್ನೆ ಬೇರೆ: ಹುದ್ದೆಯಿಂದ ಬಂದ ಮಾಹಿತಿಯನ್ನೋ ಬಲವನ್ನೋ ಇಲ್ಲಿ ಬಳಸಲಾಗಿದೆಯೇ? ನಮ್ಮೂರುಗಳಲ್ಲೂ ವಾರ್ಡಿನ ವಾಟ್ಸಾಪ್ ಗ್ರೂಪೇ ದೂರಿನ ಪೆಟ್ಟಿಗೆ. ಚರಂಡಿ ಕಟ್ಟಿದೆ ಎಂದು ಎರಡು ಸಲ ಬರೆದವರನ್ನು ಅಡ್ಮಿನ್ ಆದ ಸದಸ್ಯರು ಗ್ರೂಪಿನಿಂದ ತೆಗೆದುಹಾಕುವುದು, ತಿರುಗಿ ಮಾತಾಡಲಾಗದ ಪೌರಕಾರ್ಮಿಕರ ಫೋಟೊ ಹಾಕಿ ಹೀಯಾಳಿಸುವುದು, ದೂರು ಕೊಟ್ಟವರ ಫೋನ್ ನಂಬರು ಹಂಚುವುದು: ಇವು ಅಭಿಪ್ರಾಯವಲ್ಲ, ಅಧಿಕಾರದ ದುರುಪಯೋಗ. ಖಾತೆ ಸ್ವಂತದ್ದಾದರೂ, ಹೊತ್ತು ನಡುರಾತ್ರಿಯಾದರೂ ತಪ್ಪು ತಪ್ಪೇ.

ಸಂಹಿತೆಯನ್ನೇ ಬಹುಮತದವರು ವಿರೋಧಿಗಳ ಬಾಯಿ ಮುಚ್ಚಿಸಲು ಬಳಸಬಹುದೆಂಬ ಭಯ ಸುಳ್ಳಲ್ಲ. ಹಾಗೆಂದು ಸಂಹಿತೆಯೇ ಬೇಡವೆನ್ನಲಾಗದು. ವಿಚಾರಣೆ ಸಭೆಯ ಕೈಯಲ್ಲಿರಬಾರದು, ಅಷ್ಟೆ. ವೇಲ್ಸ್‌ನಲ್ಲಿ ಸ್ವತಂತ್ರ ಓಂಬುಡ್ಸ್‌ಮನ್ ತನಿಖೆ ಮಾಡುತ್ತಾರೆ, ಗಂಭೀರ ಪ್ರಕರಣದಲ್ಲಿ ಪ್ರತ್ಯೇಕ ನ್ಯಾಯಮಂಡಳಿ ಒಂದು ವರ್ಷದವರೆಗೆ ಅಮಾನತು ಮಾಡಬಲ್ಲದು. ಇಂಗ್ಲೆಂಡಿನಲ್ಲೂ ಆರು ತಿಂಗಳವರೆಗಿನ ಅಮಾನತಿಗೆ ಅವಕಾಶವಿರಲೆಂದು ಅದೇ ಸಮಿತಿ ಕೇಳಿತ್ತು. 2022ರಲ್ಲಿ ಸರ್ಕಾರ ಒಪ್ಪಲಿಲ್ಲ, ಮತಪೆಟ್ಟಿಗೆ ಇದೆಯಲ್ಲ ಎಂದಿತು. ಅಭಿಪ್ರಾಯಕ್ಕೆ ಮತಪೆಟ್ಟಿಗೆ ಸಾಕು. ಆದರೆ ಅವಮಾನಕ್ಕೊಳಗಾದ ನೌಕರರಿಗೆ ಮುಂದಿನ ಚುನಾವಣೆಯವರೆಗೆ ಕಾಯಿರಿ ಎನ್ನುವುದು ನ್ಯಾಯವಲ್ಲ. ಮಾತಿಗೆ ಸಡಿಲ, ಅಧಿಕಾರಕ್ಕೆ ಬಿಗಿ: ನಿಯಮ ಹೀಗಿರಬೇಕು.