ಬ್ರೇಕ್ ಆಯಿಲ್ ಟಾಪ್ ಅಪ್ ಮಾಡಿದ್ರೆ ಸಾಕಾ?

ನಮ್ಮ ಮನೆ ಕಾರಿಗೆ ಹನ್ನೊಂದು ವರ್ಷ. ಹೋದ ವರ್ಷ ಒಂದರಲ್ಲೇ ಮೂರು ಸಲ ಬ್ರೇಕ್ ರಿಪೇರಿ ಮಾಡಿಸಿದ್ವಿ. ಪ್ರತಿ ಸಲವೂ ಗ್ಯಾರೇಜಿನವರು ಪ್ಯಾಡ್ ಬದಲಾಯಿಸ್ತಾರೆ, ಇಲ್ಲಾಂದ್ರೆ ಆಯಿಲ್ ಟಾಪ್ ಅಪ್ ಮಾಡ್ತಾರೆ. ಅಪ್ಪ ದುಡ್ಡು ಕೊಡ್ತಾರೆ. ಎರಡು ತಿಂಗಳಲ್ಲಿ ಪೆಡಲ್ ಮತ್ತೆ ಮೆತ್ತಗೆ.

ರಜೆಯಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ವಿ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಪೆಡಲ್ ಪೂರ್ತಿ ಒಳಗೆ ಹೋಯ್ತು. ಅಪ್ಪ ಪೆಡಲ್ ಒತ್ತಿ ಒತ್ತಿ ಬಿಟ್ಟು, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ನಿಧಾನವಾಗಿ ಎಳೆದು ಹೇಗೋ ನಿಲ್ಲಿಸಿದ್ರು. ಹಿಂದೆ ಅಜ್ಜಿ ಕಣ್ಣು ಮುಚ್ಚಿ ಮಂಜುನಾಥಸ್ವಾಮಿಯನ್ನು ನೆನೀತಿದ್ರು. ಅರ್ಧ ಗಂಟೆ ಆದಮೇಲೆ ಬ್ರೇಕ್ ತಾನಾಗೇ ಸರಿ! "ನೋಡ್ರೋ, ಏನೂ ಆಗಿಲ್ಲ" ಅಂದ್ರು ಅಪ್ಪ.

ಆಗಿತ್ತು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೀರು ಸೇರಿದರೆ ಅದು 140ರ ಹತ್ತಿರಕ್ಕೂ ಇಳಿಯಬಹುದು. ಘಾಟಿಯಲ್ಲಿ ಒಂದೇ ಸಮ ಬ್ರೇಕ್ ಒತ್ತಿದರೆ ಆ ಬಿಸಿಗೆ ಆಯಿಲ್ ಕುದಿದು ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಆದರೆ ಆವಿ ಕುಗ್ಗುತ್ತದೆ. ಹಾಗಾಗಿ ಪೆಡಲ್ ಇಳಿಯುತ್ತದೆ, ಬ್ರೇಕ್ ಹಿಡಿಯಲ್ಲ. ತಣ್ಣಗಾದರೆ ಗುಳ್ಳೆ ಮಾಯ, ಸಾಕ್ಷಿಯೂ ಮಾಯ. ಹಳೇ ಆಯಿಲ್ ಮೇಲೆ ಹೊಸದು ಸುರಿದರೆ ಒಳಗಿನ ನೀರು ಎಲ್ಲೂ ಹೋಗಲ್ಲ.

ನಾವು ಅಣ್ಣ-ತಮ್ಮ ಇಬ್ಬರೂ ಇಂಜಿನಿಯರಿಂಗ್ ಓದೋರು. 'ವೇಪರ್ ಲಾಕ್' ಅಂತ ಇಂಗ್ಲಿಷಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ಆದ್ರೆ ಅಪ್ಪನಿಗೆ ಅದನ್ನೇ ಕನ್ನಡದಲ್ಲಿ ಬಿಡಿಸಿ ಹೇಳಲು ಘಾಟಿಯಲ್ಲಿ ಬಾಯಿ ಬರಲಿಲ್ಲ. ಪ್ರತಿ ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣು ಇಡ್ತೀವಿ, ಬಾನೆಟ್ ಎತ್ತಿ ಆಯಿಲ್ ಬಣ್ಣ ಮಾತ್ರ ನೋಡಿರಲಿಲ್ಲ.

ತಪ್ಪು ಗ್ಯಾರೇಜಿನವರದ್ದಷ್ಟೇ ಅಲ್ಲ. "ಎಷ್ಟಾಯ್ತು?" ಅಂತ ಮೂರು ಸಲ ಕೇಳಿದ ನಾವು "ಯಾಕೆ ಹೀಗಾಯ್ತು?" ಅಂತ ಒಂದ್ಸಲವೂ ಕೇಳಲಿಲ್ಲ. ಬ್ರೇಕ್ ಆಯಿಲ್ ಪೆಟ್ರೋಲ್ ಥರ ಖರ್ಚಾಗುವ ವಸ್ತುವಲ್ಲ. ಕಡಿಮೆಯಾದರೆ ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಒಂದೇ ತೊಂದರೆ ಎರಡನೇ ಸಲ ಬಂದರೆ, ಮೊದಲ ಸಲ ಕಾರಣ ಸಿಕ್ಕಿಲ್ಲ ಅಂತಲೇ ಲೆಕ್ಕ.

ಊರಿಗೆ ಬಂದಮೇಲೆ ಆಯಿಲ್ ಪೂರ್ತಿ ತೆಗೆಸಿ ಹೊಸದು ಹಾಕಿಸಿದ್ವಿ. ಹಳೇದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಪ್ಯಾಡಿಗೆ ಕೊಟ್ಟಿದ್ದಕ್ಕಿಂತ ಕಡಿಮೆ ಖರ್ಚಾಯ್ತು.

ಈ ಸಲ ಊರಿಗೆ ಹೋದಾಗ ನಿಮ್ಮ ಮನೆಯಲ್ಲೂ ಕೇಳಿ: ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ವರ್ಷ ಆಯ್ತು? ಯಾಕೆ ಕೇಳ್ತೀಯ ಅಂದ್ರೆ, ಕನ್ನಡದಲ್ಲೇ ಹೇಳಿ.